ತೊಣ್ಣೂರಿನ ಕಲ್ಲು, ಲಿನಕ್ಸಿನ ಕೈಪಿಡಿ

ಲಿನಕ್ಸ್ ಕಲಿಯಲು ನನ್ನ ಬಳಿ ಬರುವವರಲ್ಲಿ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದ ಕಡೆಯ ಹುಡುಗ ಹುಡುಗಿಯರೇ ಹೆಚ್ಚು. ಅವರ ಜೆರಾಕ್ಸ್ ಕೈಪಿಡಿಯ ಪ್ರಕಾರ ಫೋರ್ಕ್ ಎಂದು ಕರೆದರೆ ಕರ್ನಲ್‌ಗೆ ಫೋರ್ಕ್ ಎಂದೇ ಕೇಳಿಸುತ್ತದೆ. ಎಸ್‌ಟ್ರೇಸ್ ಹಾಕಿ ನೋಡಿದರೆ ಕಾಣುವುದು ಕ್ಲೋನ್. ಓಪನ್ ಬರೆದಿದ್ದರೆ ಓಪನ್‌ಅಟ್. ಮಕ್ಕಳು ತಮ್ಮ ಕಣ್ಣನ್ನು ಅನುಮಾನಿಸುತ್ತಾರೆಯೇ ಹೊರತು ಕೈಪಿಡಿಯನ್ನಲ್ಲ. ನನ್ನ ಜಗಳ ಇದರ ಮೇಲೆ.

ನಮ್ಮ ಪ್ರೋಗ್ರಾಂ ಕರ್ನಲ್ ಜೊತೆ ನೇರ ಮಾತಾಡುವುದು ಅಪರೂಪ. ನಡುವೆ ಗ್ಲಿಬ್‌ಸಿ ಎಂಬ ಲೈಬ್ರರಿ ಇದೆ. ತಾಲ್ಲೂಕು ಕಚೇರಿ ಎದುರು ಕೂತು ಅರ್ಜಿ ಬರೆದುಕೊಡುವವರಿದ್ದಾರಲ್ಲ, ಹಾಗೆ. ನಾವು ಹೇಳುವ ಮಾತೊಂದು, ಒಳಗೆ ಹೋಗುವ ಒಕ್ಕಣೆಯೇ ಬೇರೆ. 2.3.3ನೇ ಆವೃತ್ತಿಯಿಂದ ಈ ಲೈಬ್ರರಿ ಫೋರ್ಕ್ ಬದಲು ಕ್ಲೋನ್ ಕರೆಯುತ್ತಿದೆ, 2.26ರಿಂದ ಓಪನ್ ಬದಲು ಓಪನ್‌ಅಟ್.

ಹೆಸರಷ್ಟೇ ಬೇರೆಯಾದರೆ ಸುಮ್ಮನಿರಬಹುದಿತ್ತು. ಗೆಟ್‌ಪಿಐಡಿ ನೋಡಿ. 2.3.4ರಿಂದ 2.24ರವರೆಗೆ ಲೈಬ್ರರಿ ಪ್ರಾಸೆಸ್ಸಿನ ಸಂಖ್ಯೆಯನ್ನು ಒಮ್ಮೆ ಕೇಳಿ ತನ್ನಲ್ಲೇ ಇಟ್ಟುಕೊಳ್ಳುತ್ತಿತ್ತು. ಲೈಬ್ರರಿಯನ್ನು ಬಳಸದೆ ನೇರವಾಗಿ ಮಗು ಪ್ರಾಸೆಸ್ ಹುಟ್ಟಿಸಿದರೆ, ಆ ಮಗು ತನ್ನ ಸಂಖ್ಯೆ ಕೇಳಿದಾಗ ತಾಯಿಯ ಸಂಖ್ಯೆ ಸಿಗಬಹುದಿತ್ತು! 2017ರಲ್ಲಿ ಬಂದ 2.25ರಲ್ಲಿ ಆ ಏರ್ಪಾಟು ಹೋಯಿತು. ಗೆಟ್‌ಟಿಐಡಿಯದು ಇನ್ನೊಂದು ಕಥೆ. ಲೈಬ್ರರಿಯಲ್ಲಿ ಇಲ್ಲ, ನೀವೇ ಸಿಸ್‌ಕಾಲ್ ಮೂಲಕ ಕರೆಯಿರಿ ಎಂದು ಕೈಪಿಡಿ ಹೇಳುತ್ತಿತ್ತು. ಹಾಗೆ ನಂಬಿ ಅದೇ ಹೆಸರಿನ ಫಂಕ್ಷನ್ ಬರೆದುಕೊಂಡವರ ಪ್ರೋಗ್ರಾಂಗಳು, 2019ರಲ್ಲಿ 2.30 ತನ್ನದೇ ಗೆಟ್‌ಟಿಐಡಿ ತಂದಾಗ, ಡಿಕ್ಕಿ ಹೊಡೆದು ಕಂಪೈಲ್ ಆಗದೆ ನಿಂತವು.

ಹಳೆಯ ಸಾಲು ಅಳಿಸಿ ಹೊಸದು ಬರೆದರಾಯಿತು ಎನ್ನುವ ಜಾಣರಿದ್ದಾರೆ. ಹಳೆಯ ಯಂತ್ರ ಓಡುತ್ತಿರುವವನು ಏನು ಓದಬೇಕು? ಲಿನಕ್ಸ್ ಮ್ಯಾನ್ ಪುಟಗಳನ್ನು ನೋಡಿಕೊಳ್ಳುವವರು ಈ ತಪ್ಪು ಮಾಡಲಿಲ್ಲ. ಯಾವ ಆವೃತ್ತಿಯಿಂದ ಯಾವುದರವರೆಗೆ ಎಂದು ದಾಖಲಿಸಿ, ಕರ್ನಲ್ಲಿನ ನಡತೆ ಬೇರೆ, ಲೈಬ್ರರಿಯ ನಡತೆ ಬೇರೆ ಎಂದು ತೋರಿಸಿದರು.

ಇದು ನಮಗೆ ಹೊಸದೇನಲ್ಲ. ಬಿ.ಎಲ್. ರೈಸ್ 1894ರ ಎಪಿಗ್ರಾಫಿಯ ಕರ್ನಾಟಿಕ 3ನೇ ಸಂಪುಟದಲ್ಲಿ ತೊಣ್ಣೂರಿನ ಶಾಸನಗಳನ್ನು ಶ್ರೀರಂಗಪಟ್ಟಣ ತಾಲ್ಲೂಕಿನಡಿ ಕೊಟ್ಟರು. ಮೈಸೂರು ವಿಶ್ವವಿದ್ಯಾನಿಲಯ 1977ರಲ್ಲಿ ಪರಿಷ್ಕರಿಸಿದ 6ನೇ ಸಂಪುಟದಲ್ಲಿ ಅವು ಪಾಂಡವಪುರದಡಿ ಇವೆ. ಕಲ್ಲು ಕದಲಿಲ್ಲ, ತಾಲ್ಲೂಕು ಬದಲಾಯಿತು. ಹೊಸ ಸಂಖ್ಯೆಯ ಪಕ್ಕ ರೈಸರ ಸಂಖ್ಯೆಯನ್ನೂ ಉಳಿಸಿಕೊಂಡದ್ದರಿಂದ ಹಳೆಯ ಲೇಖನ ಹಿಡಿದು ಹೊರಟವನೂ ಅದೇ ಕಲ್ಲಿನ ಮುಂದೆ ನಿಲ್ಲುತ್ತಾನೆ.

ಶಾಸನ ಓದುವವರಿಗೆ ಇರುವ ಈ ಶಿಸ್ತು ಕಂಪ್ಯೂಟರ್ ಪಾಠದವರಿಗೆ ಯಾಕಿಲ್ಲ? ಎಲ್‌ಡಿಡಿ ಆಜ್ಞೆಗೆ ವರ್ಷನ್ ಎಂದು ಸೇರಿಸಿ ಕೊಟ್ಟರೆ ಗ್ಲಿಬ್‌ಸಿಯ ಆವೃತ್ತಿ ತೆರೆಯ ಮೇಲೆ ಬರುತ್ತದೆ. ಅದನ್ನು ಕೈಪಿಡಿಯ ಮೊದಲ ಪುಟದಲ್ಲಿ ಬರೆಯಿರಿ. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ತಾನು ಕಂಡಂತೆ ಕ್ಲೋನ್ ಎಂದು ಬರೆದ ಹುಡುಗಿಗೆ ಅಂಕ ಕೊಡಿ.