ಗುಜ್ಜೆಗೂ ಹಲಸಿಗೂ ಒಂದೇ ಹೆಸರು ಸಾಕೇ?

ನಮ್ಮ ಕಾಸರಗೋಡಿನ ಕಡೆ ಎಳೆಯ ಹಲಸಿಗೆ ಗುಜ್ಜೆ ಎನ್ನುತ್ತೇವೆ. ಅದೇ ಬಲಿತು ಹಣ್ಣಾದರೆ ಹಲಸಿನ ಹಣ್ಣು. ಮರ ಒಂದೇ. ಆದರೂ ಗುಜ್ಜೆ ತಾ ಎಂದು ಕಳುಹಿಸಿದವನು ಹಣ್ಣು ಹೊತ್ತು ತಂದರೆ ಅಂದು ಮನೆಯಲ್ಲಿ ಪಲ್ಯ ಆಗುವುದಿಲ್ಲ! ಹೆಸರು ಎರಡಾದದ್ದು ಗೊಂದಲಕ್ಕಲ್ಲ, ಕೆಲಸಕ್ಕೆ.

ವಿಜ್ಞಾನದಲ್ಲೂ ಇಂಥದೊಂದು ಪ್ರಶ್ನೆ ಇದೆ. ಡೈನೋಫ್ಲಾಜೆಲೇಟ್ ಎಂಬ ಸೂಕ್ಷ್ಮಜೀವಿಗಳ ಪಳೆಯುಳಿಕೆಗಳಿಗೆ ಬೇರೆ ಹೆಸರು ಬೇಕೇ, ಜೀವಂತ ಜೀವಿಯ ಹೆಸರೇ ಸಾಕೇ ಎಂಬುದು. ಬೇರೆ ಹೆಸರು ಬೇಕು ಎಂಬುದು ನನ್ನ ಅಭಿಪ್ರಾಯ. ಯಾಕೆಂದು ಹೇಳುತ್ತೇನೆ, ಸ್ವಲ್ಪ ತಾಳ್ಮೆಯಿಂದ ಓದಿ.

ಮೊದಲು ಈ ಜೀವಿಯ ಪರಿಚಯ. ಡೈನೋ ಎಂದ ಕೂಡಲೇ ಮಕ್ಕಳು ಡೈನೋಸಾರ್ ಎನ್ನುತ್ತಾರೆ. ಅದರ ಡೈನೋ ಎಂದರೆ ಭಯಂಕರ, ಇದರ ಡೈನೋ ಎಂದರೆ ಗಿರಗಿರನೆ ಸುತ್ತುವುದು. ಇದು ಒಂದೇ ಜೀವಕೋಶದ ಜೀವಿ. ಚಾವಟಿಯಂಥ ಎರಡು ಎಳೆ ಬೀಸುತ್ತಾ, ತಿರುಗುತ್ತಾ ಈಜುತ್ತದೆ. ಕೆಲವು ರಾತ್ರಿ ಕಡಲ ಅಲೆ ನೀಲಿಯಾಗಿ ಮಿನುಗುತ್ತದಲ್ಲ, ಅದು ಹೆಚ್ಚಾಗಿ ಈ ಬಳಗದವರದೇ ಕೆಲಸ. ಇವುಗಳಲ್ಲಿ ಕೆಲವು ಮಾತ್ರ ಬಾಳಿನ ಒಂದು ಹಂತದಲ್ಲಿ ಗಟ್ಟಿ ಕವಚ ಕಟ್ಟಿಕೊಂಡು ಕೆಸರಿಗಿಳಿದು ನಿದ್ದೆ ಹೋಗುತ್ತವೆ. ಆ ಕವಚವೇ ಸಿಸ್ಟ್. ಕಾಲ ಕೂಡಿಬಂದಾಗ ಒಂದು ಕಿಂಡಿ ತೆರೆದು ಒಳಗಿನ ಜೀವ ಹೊರಗೆ ಈಜಿಹೋಗುತ್ತದೆ, ಖಾಲಿ ಕವಚ ಕೆಸರಿನಲ್ಲಿ ಉಳಿಯುತ್ತದೆ. ಈಜುವ ದೇಹ ಸತ್ತರೆ ಕೊಳೆತುಹೋಗುತ್ತದೆ. ಸಿಸ್ಟ್ ಮಾತ್ರ ಕೋಟ್ಯಂತರ ವರ್ಷ ಬಂಡೆಯೊಳಗೆ ಉಳಿಯಬಲ್ಲದು. ಕಲ್ಲನ್ನೇ ಕರಗಿಸುವ ಹೈಡ್ರೋಫ್ಲೋರಿಕ್ ಆಮ್ಲಕ್ಕೂ ಅದು ಜಗ್ಗುವುದಿಲ್ಲ. ತೈಲ ಹುಡುಕುವವರು ಬಂಡೆಗಳ ವಯಸ್ಸು ತಿಳಿಯಲು ಇವನ್ನು ನೋಡುತ್ತಾರೆ.

ಈಗ ಹೆಸರಿನ ಕಥೆ. 1830ರ ದಶಕದಲ್ಲಿ ಜರ್ಮನಿಯ ಎಹ್ರೆನ್‌ಬರ್ಗ್ ಚಕಮಕಿ ಕಲ್ಲಿನ ತೆಳುವಾದ ಚೂರುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಮೈತುಂಬ ಮುಳ್ಳಿರುವ ಪುಟ್ಟ ಉಂಡೆಗಳು ಕಂಡವು. ಸಿಹಿನೀರಿನ ಪಾಚಿಯೊಂದನ್ನು ಹೋಲುತ್ತವೆಂದು ಅದರ ಹೆಸರನ್ನೇ, ಕ್ಸಾಂಥಿಡಿಯಂ ಎಂದು, ಕೊಟ್ಟರು. 1850ರಲ್ಲಿ ಇಂಗ್ಲೆಂಡಿನ ವೈದ್ಯ ಗಿಡಿಯನ್ ಮ್ಯಾಂಟೆಲ್ ಸ್ಪಿನಿಫೆರೈಟಿಸ್ ಎಂದು ಕರೆದರು. ಇಗ್ವಾನೊಡಾನ್ ಡೈನೋಸಾರಿಗೆ ಹೆಸರಿಟ್ಟವರೂ ಇವರೇ. 1933ರಲ್ಲಿ ಒಟ್ಟೋ ವೆಟ್ಜೆಲ್ ಹಿಸ್ಟ್ರಿಕೋಸ್ಫೇರ ಎಂದರು, ಅಂದರೆ ಮುಳ್ಳುಹಂದಿ ಗೋಳ. ಚೆಂದದ ಹೆಸರೇ. ಆದರೆ ಇದು ಯಾವ ಜೀವಿ ಎಂಬುದು ಮಾತ್ರ ಬಗೆಹರಿಯಲಿಲ್ಲ.

ಬಗೆಹರಿಸಿದವರು ಅಮೆರಿಕದ ವಿಲಿಯಂ ಇವಿಟ್. ಅವರು ಮುಳ್ಳಿಗೆ ಮರುಳಾಗದೆ ಕಿಂಡಿಯನ್ನು ನೋಡಿದರು. ಈಜುವ ಡೈನೋಫ್ಲಾಜೆಲೇಟಿನ ಮೈಮೇಲೆ ಹೆಂಚು ಹೊದಿಸಿದಂತೆ ಫಲಕಗಳಿರುತ್ತವೆ. ಅವುಗಳಲ್ಲಿ ನಿರ್ದಿಷ್ಟ ಫಲಕ ಇರುವ ಜಾಗದಲ್ಲೇ ಸಿಸ್ಟಿನ ಕಿಂಡಿಯೂ ತೆರೆದಿತ್ತು. 1961ರಲ್ಲಿ ಇವಿಟ್ ಇದನ್ನು ತೋರಿಸಿಕೊಟ್ಟ ಮೇಲೆ ಮುಳ್ಳುಹಂದಿಗಳಲ್ಲಿ ಬಹಳಷ್ಟು ಡೈನೋಫ್ಲಾಜೆಲೇಟ್ ಮನೆಗೆ ಸೇರಿದವು. ಸಾಕ್ಷಿ ಸಿಗದೆ ಉಳಿದವುಗಳಿಗೆ 1963ರಲ್ಲಿ ಅವರೇ ಅಕ್ರಿಟಾರ್ಕ್ ಎಂಬ ಹೆಸರು ಕೊಟ್ಟರು. ಅರ್ಥ, ಮೂಲ ಖಚಿತವಿಲ್ಲದವು! ಗೊತ್ತಿಲ್ಲ ಎಂಬುದನ್ನೇ ಹೆಸರಾಗಿ ಇಟ್ಟ ಈ ಪ್ರಾಮಾಣಿಕತೆ ನನಗೆ ಬಹಳ ಇಷ್ಟ.

ಅದೇ ದಶಕದಲ್ಲಿ ಡೇವಿಡ್ ವಾಲ್ ಮತ್ತು ಬ್ಯಾರಿ ಡೇಲ್ ಸಮುದ್ರದ ಕೆಸರಿನಿಂದ ಜೀವಂತ ಸಿಸ್ಟ್‌ಗಳನ್ನು ತಂದು ಪ್ರಯೋಗಾಲಯದಲ್ಲಿ ಮರಿ ಮಾಡಿಸಿದರು. ಪಳೆಯುಳಿಕೆ ತಜ್ಞರು ಸ್ಪಿನಿಫೆರೈಟಿಸ್ ಎನ್ನುವ ಮಾದರಿಯ ಕವಚದಿಂದ ಹೊರಬಂದದ್ದು, ಕಡಲಜೀವಿ ತಜ್ಞರಿಗೆ ಮೊದಲೇ ಗೊತ್ತಿದ್ದ ಗೋನಿಯಾಲಾಕ್ಸ್.

ಇಲ್ಲಿಂದ ಇಕ್ಕಟ್ಟು ಶುರು. ಹೆಸರಿಡುವ ನಿಯಮದಲ್ಲಿ ಸಾಮಾನ್ಯವಾಗಿ ಹಳೆಯ ಹೆಸರಿಗೇ ಪಟ್ಟ. ಗೋನಿಯಾಲಾಕ್ಸ್ ಹುಟ್ಟಿದ್ದು 1866ರಲ್ಲಿ, ಸ್ಪಿನಿಫೆರೈಟಿಸ್ ಅದಕ್ಕಿಂತ 16 ವರ್ಷ ಹಿರಿದು. ಹಾಗಾದರೆ ಬದುಕಿರುವ ಜೀವಿ ಪಳೆಯುಳಿಕೆಗೆ ಜಾಗ ಬಿಡಬೇಕೇ? ಬೇಡ ಎಂದಿದೆ ಅಂತರರಾಷ್ಟ್ರೀಯ ನಿಯಮಾವಳಿ. ಎರಡನ್ನೂ ಒಂದೇ ಎಂದು ಎಣಿಸಿದರೆ ಜೀವಂತ ಮಾದರಿಯ ಹೆಸರಿಗೇ ಆದ್ಯತೆ. ಜೊತೆಗೆ, ಡೈನೋಫ್ಲಾಜೆಲೇಟ್ ಪಳೆಯುಳಿಕೆಗಳು ಬೇರೆ ಹೆಸರು ಇಟ್ಟುಕೊಳ್ಳಲೂ ಅವಕಾಶ ಇದೆ.

ಶಿಲೀಂಧ್ರಗಳಿಗೂ ಹಿಂದೆ ಹೀಗೆ ಎರಡೆರಡು ಹೆಸರಿದ್ದವು. 2011ರ ಮೆಲ್ಬರ್ನ್ ಸಮ್ಮೇಳನದಲ್ಲಿ ಒಂದು ಶಿಲೀಂಧ್ರಕ್ಕೆ ಒಂದೇ ಹೆಸರು ಎಂದು ತೀರ್ಮಾನವಾಯಿತು. ಇಲ್ಲೂ ಹಾಗೆಯೇ ಮಾಡಬಾರದೇ ಎಂದು ನೀವು ಕೇಳಬಹುದು. ಕೂಡದು ಎನ್ನುತ್ತೇನೆ. ಒಂದು, ಲೆಕ್ಕ ಒಂದಕ್ಕೊಂದು ಸರಿಹೊಂದುವುದಿಲ್ಲ. ಗೋನಿಯಾಲಾಕ್ಸ್ ಸ್ಪಿನಿಫೆರಾ ಎಂಬ ಒಂದೇ ಹೆಸರಿನಡಿ ಬರುವ ಜೀವಿಗಳು ಸ್ಪಿನಿಫೆರೈಟಿಸ್, ನೆಮಟೋಸ್ಫೇರಾಪ್ಸಿಸ್ ಮುಂತಾದ ಹಲವು ಬಗೆಯ ಸಿಸ್ಟ್‌ಗಳಿಂದ ಹೊರಬಂದಿವೆ. ಹೆಸರು ಒಂದು ಮಾಡಿದರೆ ಬಂಡೆಯಲ್ಲಿ ಕಂಡ ವ್ಯತ್ಯಾಸವೆಲ್ಲ ಅಳಿಸಿಹೋಗುತ್ತದೆ. ಎರಡು, ಪಳೆಯುಳಿಕೆಗಳಲ್ಲಿ ಬಹುಪಾಲಿಗೆ ಇಂದು ಬದುಕಿರುವ ಜೋಡಿಯೇ ಇಲ್ಲ. ಮೂರು, ಕೈಯಲ್ಲಿರುವುದು ಕವಚ ಮಾತ್ರ. ಕಂಡಷ್ಟಕ್ಕೆ ಹೆಸರಿಡುವುದೇ ನ್ಯಾಯ.

ಆದರೆ ಎರಡು ಹೆಸರಿನಿಂದ ಅಪಾಯವೂ ಇದೆ, ಅದನ್ನು ಮುಚ್ಚಿಡಬಾರದು. ಪೈರೋಡಿನಿಯಂ ಬಹಾಮೆನ್ಸ್ ಎಂಬ ಡೈನೋಫ್ಲಾಜೆಲೇಟ್ ಹೆಚ್ಚಿದಾಗ ಚಿಪ್ಪುಜೀವಿಗಳಲ್ಲಿ ವಿಷ ಸೇರುತ್ತದೆ. ತಿಂದವರ ನರ ಮರಗಟ್ಟುತ್ತದೆ, ಉಸಿರೂ ನಿಲ್ಲಬಹುದು. 1983ರಲ್ಲಿ ಫಿಲಿಪೀನ್ಸಿನಲ್ಲಿ ಹೀಗೆ ಜನ ಸತ್ತರು. ಯಾವ ಜೀವಿಯಿಂದಲೇ ಇರಲಿ, ಅದೇ ವರ್ಷ ನಮ್ಮ ಮಂಗಳೂರು ಸೀಮೆಯಲ್ಲೂ ಮರುವಾಯಿ ತಿಂದವರಿಗೆ ಇಂಥ ವಿಷ ತಗುಲಿದ ವರದಿಯಿದೆ. ಪೈರೋಡಿನಿಯಂನ ಸಿಸ್ಟಿಗೆ ಪಳೆಯುಳಿಕೆ ತಜ್ಞರ ಹೆಸರು ಪಾಲಿಸ್ಫೇರಿಡಿಯಂ ಜೊಹಾರಿಯಿ. ಕೆಸರಿನ ವರದಿಯಲ್ಲಿ ಈ ಹೆಸರೊಂದೇ ಇದ್ದರೆ ಆರೋಗ್ಯ ಇಲಾಖೆಯವನಿಗೆ ಏನು ಹೊಳೆದೀತು? ಮಲಗಿರುವ ಬೀಜ ಯಾವುದೆಂದು ತಿಳಿಯದಿದ್ದರೆ ನಾಳೆಯ ಬೆಳೆ ಗೊತ್ತಾಗುವುದು ಹೇಗೆ?

ಇದಕ್ಕೆ ಮದ್ದು ಹೆಸರು ಅಳಿಸುವುದಲ್ಲ, ಸಂಬಂಧ ಗೊತ್ತಿರುವಲ್ಲೆಲ್ಲ ಎರಡನ್ನೂ ಜೊತೆಗೆ ಬರೆಯುವುದು. ಕೆಲಸ ಆಗಲೇ ಅರ್ಧ ನಡೆದಿದೆ. 1973ರಲ್ಲಿ ಲೆಂಟಿನ್ ಮತ್ತು ವಿಲಿಯಮ್ಸ್ ಪಳೆಯುಳಿಕೆ ಹೆಸರುಗಳ ಸೂಚಿ ತಂದರು, ಶಾಲೆಯ ದಾಖಲಾತಿ ಪುಸ್ತಕದ ಹಾಗೆ. 1993ರಲ್ಲಿ ಫೆನ್ಸಮ್ ಮತ್ತು ಸಂಗಡಿಗರು ಫಲಕಗಳ ಜೋಡಣೆಯನ್ನು ಮುಖ್ಯ ಆಧಾರ ಮಾಡಿಕೊಂಡು, ಜೀವಂತ ಮತ್ತು ಪಳೆಯುಳಿಕೆ ಎರಡನ್ನೂ ಒಂದೇ ವರ್ಗೀಕರಣದಲ್ಲಿ ಕೂರಿಸಿದರು. ವಂಶವೃಕ್ಷ ಒಂದೇ ಇರಲಿ, ಹೆಸರು ಎರಡಿರಲಿ, ನಡುವಿನ ದಾರ ಮಾತ್ರ ತುಂಡಾಗದಿರಲಿ.

ಮೇಷ್ಟ್ರಾಗಿ ಇನ್ನೊಂದು ಮಾತು. ವರ್ಗೀಕರಣದ ಪಾಠ ಎಂದರೆ ನಮ್ಮ ಮಕ್ಕಳಿಗೆ ಬಾಯಿಪಾಠದ ಪಟ್ಟಿ. ಹೆಸರಿನ ಹಿಂದೆ ಯಾರೋ ಕಿಂಡಿ ನೋಡಿದ್ದಾರೆ, ಕೆಸರು ತಂದು ಕಾದಿದ್ದಾರೆ, ಗೊತ್ತಿಲ್ಲ ಎಂದು ಒಪ್ಪಿದ್ದಾರೆ ಎಂಬುದನ್ನು ನಾವು ಹೇಳುವುದೇ ಇಲ್ಲ. ಅದನ್ನು ಹೇಳಿದರೆ ಪಟ್ಟಿ ತಾನಾಗಿಯೇ ನೆನಪಿನಲ್ಲಿ ಉಳಿಯುತ್ತದೆ. ನೀವೇನಂತೀರಿ?