ಕನ್ನಡದ ಪ್ರಾರ್ಥನೆಗೆ ಇಂಗ್ಲಿಷ್ ಅಕ್ಷರದ ಅಂಗಿ ಯಾಕೆ?

ಕ್ರೈಸ್ತರು ಈಸ್ಟರ್ ಹಬ್ಬಕ್ಕೆ ಮುಂಚೆ ನಲವತ್ತು ದಿನ ಉಪವಾಸ, ಪ್ರಾರ್ಥನೆ ಅಂತ ಕಳೆಯುತ್ತಾರಲ್ಲ, ಆ ತಪಸ್ಸಿನ ಕಾಲದಲ್ಲಿ ಒಂದು ಸಂಜೆ ನಾಲ್ಕು ಜನ ವಿದ್ಯಾರ್ಥಿಗಳು ನನ್ನ ಪ್ರೆಸ್ಸಿಗೆ ಬಂದರು. ಕಥೋಲಿಕ ಹುಡುಗ ಹುಡುಗಿಯರು. ಯಾವ ಕಾಲೇಜು, ಯಾವ ಹಾಸ್ಟೆಲು ಅಂತ ಬರೆಯುವುದಿಲ್ಲ. ಶುಕ್ರವಾರದ ಶಿಲುಬೆ ಹಾದಿಗೆ ಒಂದು ಸಣ್ಣ ಪುಸ್ತಕ ಬೇಕು, ಇನ್ನೂರು ಪ್ರತಿ ಅಂದರು. ಪೆನ್‌ಡ್ರೈವ್ ಹಾಕಿ ನೋಡಿದೆ. ತಲೆ ಕೆಟ್ಟುಹೋಯಿತು. ಹಾಡು ಕನ್ನಡದ್ದು, ಪ್ರಾರ್ಥನೆ ಕನ್ನಡದ್ದು, ಅಕ್ಷರ ಮಾತ್ರ ಇಂಗ್ಲಿಷಿನದು!

ಯಾಕ್ರಪ್ಪಾ ಹೀಗೆ ಅಂದೆ. "ಅಂಕಲ್, ಅರ್ಧ ಜನಕ್ಕೆ ಕನ್ನಡ ಓದೋಕೆ ಬರಲ್ಲ."

ಆ ಅರ್ಧ ಜನ ಯಾವ ದೇಶದವರು ಸ್ವಾಮಿ? ಕೇಳಿದರೆ ಒಬ್ಬರು ಮಂಗಳೂರು ಕಡೆ, ಒಬ್ಬರು ಸಾಗರ, ಇನ್ನೊಬ್ಬರು ಇಲ್ಲೇ ಭದ್ರಾವತಿ. ಎಲ್ಲರೂ ಕರ್ನಾಟಕದಲ್ಲೇ ಹುಟ್ಟಿ, ಇಲ್ಲಿಯದೇ ನೀರು ಕುಡಿದು, ಇಲ್ಲಿಯದೇ ಇಂಗ್ಲಿಷ್ ಮೀಡಿಯಂ ಶಾಲೆಗೆ ಫೀಜು ಕಟ್ಟಿ ಬೆಳೆದವರು. ತಪ್ಪು ಆ ಮಕ್ಕಳದ್ದಲ್ಲ, ಕಲಿಸದೆ ಬಿಟ್ಟವರದ್ದು.

ನಾನು ಕ್ರೈಸ್ತನಲ್ಲ. ಓದಿದ್ದು ಪಿಯುಸಿ. ಅಪ್ಪನ ಕಾಲದ ಟ್ರೆಡಲ್ ಮೆಷಿನ್ನಿನಲ್ಲಿ ಮೊಳೆ ಜೋಡಿಸಿ ಕೈ ಕಪ್ಪು ಮಾಡಿಕೊಂಡವನು. "ಅವರ ಚರ್ಚಿನ ವಿಷಯ ನಿನಗ್ಯಾಕೆ?" ಅಂತ ನಮ್ಮ ಸಂಘಟನೆಯ ಗೆಳೆಯನೊಬ್ಬ ಕೇಳಿದ. ಯಾಕೆ ಅಂದರೆ, ಕನ್ನಡದ ಅಕ್ಷರ ನನ್ನ ಅನ್ನ. ಇನ್ನೊಂದು ಕಾರಣವೂ ಇದೆ, ಮುಂದೆ ಹೇಳುತ್ತೇನೆ.

ಮೊದಲು ಕ್ಯಾಂಪಸ್ಸಿನಲ್ಲಿ ಈ ಮಕ್ಕಳು ಪ್ರಾರ್ಥನೆ ಮಾಡುವ ರೀತಿ ಕೇಳಿ. ಭಾನುವಾರ ಬಸ್ಸು ಹಿಡಿದು ಭದ್ರಾವತಿಗೋ ಶಿವಮೊಗ್ಗಕ್ಕೋ ಬಲಿಪೂಜೆಗೆ ಹೋಗುತ್ತಾರೆ. ಉಳಿದ ದಿನ ಸಂಜೆ ಐದಾರು ಜನ ಒಂದು ಕೋಣೆಯಲ್ಲಿ ಕೂತು ಜಪಸರ ಹೇಳುತ್ತಾರೆ. ಅಕ್ಟೋಬರ್ ತಿಂಗಳಂತೂ ಜಪಸರದ್ದೇ ತಿಂಗಳು. ಒಬ್ಬರು ಪ್ರಾರ್ಥನೆಯ ಮೊದಲರ್ಧ ಹೇಳಬೇಕು, ಉಳಿದವರು ಎರಡನೆಯ ಅರ್ಧ. ಹತ್ತು ಮಣಿ, ಹೀಗೆ ಐದು ಸಲ. ಶಿಲುಬೆ ಹಾದಿಯಲ್ಲಿ ಹದಿನಾಲ್ಕು ಸ್ಥಳ. ಒಂದೊಂದು ಕಡೆ ನಿಂತು ಓದಿ, ಹಾಡಿ, ಮುಂದೆ ನಡೆಯಬೇಕು. ಒಬ್ಬನೇ ಕಣ್ಣು ಮುಚ್ಚಿ ಕೂತರೆ ಯಾವ ಭಾಷೆಯೂ ಆದೀತು, ಭಾಷೆ ಇಲ್ಲದೆಯೂ ಆದೀತು. ಅರ್ಧ ನೀನು ಹೇಳು, ಅರ್ಧ ನಾನು ಹೇಳುತ್ತೇನೆ ಅನ್ನುವ ಪ್ರಾರ್ಥನೆಗೆ ಎಲ್ಲರಿಗೂ ಸೇರಿದ ಒಂದು ಭಾಷೆ ಬೇಕೇ ಬೇಕು. ಆ ಕೋಣೆಯಲ್ಲಿ ಕರಾವಳಿಯ ಕೊಂಕಣಿ ಇದೆ, ಭದ್ರಾವತಿಯ ತಮಿಳಿದೆ, ಮಲೆನಾಡಿಗೆ ಬಂದು ನೆಲೆಸಿದವರ ಮಲಯಾಳವಿದೆ. ನಡುವೆ ಕನ್ನಡ ಕೂರಬೇಕಾದ ಕುರ್ಚಿ. ಅಲ್ಲಿ ಇಂಗ್ಲಿಷ್ ಬಂದು ಕಾಲ ಮೇಲೆ ಕಾಲು ಹಾಕಿ ಕೂತಿದೆ!

ಈ ತಮಾಷೆ ನೋಡಿ. ಮಂಗಳೂರಿನ ಕಥೋಲಿಕರ ಮನೆಮಾತು ಕೊಂಕಣಿ. ಆ ಕೊಂಕಣಿಯನ್ನು ಅವರು ಬರೆಯುವುದು ಯಾವ ಲಿಪಿಯಲ್ಲಿ? ನಮ್ಮ ಕನ್ನಡ ಲಿಪಿಯಲ್ಲಿ! 1938ರಲ್ಲಿ ಶುರುವಾದ ಅವರ 'ರಾಕ್ಣೊ' ವಾರಪತ್ರಿಕೆ ಅಚ್ಚಾಗುವುದು ಕನ್ನಡ ಅಕ್ಷರದಲ್ಲೇ. ಅಜ್ಜಿ ಕೊಂಕಣಿ ಪ್ರಾರ್ಥನೆಯನ್ನು ಕನ್ನಡ ಅಕ್ಷರದಲ್ಲಿ ಓದಿದಳು, ಮೊಮ್ಮಗ ಕನ್ನಡ ಪ್ರಾರ್ಥನೆಯನ್ನು ಇಂಗ್ಲಿಷ್ ಅಕ್ಷರದಲ್ಲಿ ಓದುತ್ತಾನೆ. ಎರಡೇ ತಲೆಮಾರಿನಲ್ಲಿ ಎಲ್ಲಿಗೆ ಬಂದೆವು?

ಕ್ರೈಸ್ತರಿಗೂ ಕನ್ನಡಕ್ಕೂ ಏನು ಸಂಬಂಧ ಅನ್ನುವವರು ನಮ್ಮಲ್ಲೇ ಇದ್ದಾರೆ. ಅವರು ಸ್ವಲ್ಪ ಕಿವಿ ಕೊಡಲಿ. 17ನೇ ಶತಮಾನದ ನಡುವಿನಲ್ಲೇ ಲಿಯೊನಾರ್ಡೊ ಚಿನ್ನಾಮಿ ಅನ್ನುವ ಇಟಲಿಯ ಯೇಸುಸಭೆಯ ಪಾದ್ರಿ ಶ್ರೀರಂಗಪಟ್ಟಣಕ್ಕೆ ಬಂದು ಕನ್ನಡ ಕಲಿತು ಧರ್ಮೋಪದೇಶ ಬರೆದ. ಕಿಟ್ಟೆಲ್ ನಿಘಂಟು 1894ರದ್ದು ಅಂತ ಎಲ್ಲರಿಗೂ ಗೊತ್ತು. ಆದರೆ ಬೆಂಗಳೂರಿನ ಕಥೋಲಿಕ ಮಿಷನ್ನಿನವರು ಲ್ಯಾಟಿನ್-ಕನ್ನಡ ನಿಘಂಟನ್ನು 1861ರಲ್ಲೇ ಅಚ್ಚು ಹಾಕಿದ್ದರು. ಆ ಕಾಲದ ಮೊಳೆ ಜೋಡಣೆಯ ಕಷ್ಟ ನನ್ನಂಥ ಪ್ರೆಸ್ಸಿನವನಿಗೆ ಗೊತ್ತು. ಒತ್ತಕ್ಷರ ಬಂದರೆ ಜೀವ ಬಾಯಿಗೆ ಬರುತ್ತಿತ್ತು. ಕನಕಪುರ ತಾಲೂಕಿನ ಹಾರೋಬೆಲೆಗೆ ಹೋಗಿ ನೋಡಿ, ಯೇಸುವಿನ ಯಾತನೆಯ ಕಥೆಯನ್ನು ಊರಿಗೆ ಊರೇ ಕನ್ನಡ ನಾಟಕವಾಗಿ ಆಡುತ್ತಾ ಬಂದು ನೂರು ವರ್ಷ ದಾಟಿದೆ. ಇವರು ಕನ್ನಡಿಗರಲ್ಲದೆ ಇನ್ಯಾರು?

ಪೂಜೆ ಮಾತ್ರ ಲ್ಯಾಟಿನ್‌ನಲ್ಲಿ ನಡೆಯುತ್ತಿತ್ತು. 1963ರ ಡಿಸೆಂಬರಿನಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಜನರ ಮಾತಿನಲ್ಲೇ ಪೂಜೆ ನಡೆಯಬಹುದು ಅಂತ ಬಾಗಿಲು ತೆರೆಯಿತು. ಆಮೇಲೆ ಬೆಂಗಳೂರಿನ ಚರ್ಚುಗಳಲ್ಲಿ ಕನ್ನಡವೋ ತಮಿಳೋ ಅನ್ನುವ ಜಗಳ ಶುರುವಾಯಿತು. 1980, 90ರ ದಶಕಗಳಲ್ಲಿ ಕನ್ನಡ ಕ್ರೈಸ್ತರು ತಮ್ಮ ನೆಲದಲ್ಲಿ ತಮ್ಮ ಭಾಷೆಯ ಪೂಜೆಗಾಗಿ ಬೀದಿಗಿಳಿದರು. ನ್ಯಾಯವಾದ ಹೋರಾಟವೇ. ನಮ್ಮ ಶಿವಮೊಗ್ಗ 1988ರಲ್ಲಿ ಬೇರೆ ಧರ್ಮಕ್ಷೇತ್ರವಾಯಿತು. ಬಿ.ಎಚ್. ರಸ್ತೆಯ ಪವಿತ್ರ ಹೃದಯ ಪ್ರಧಾನಾಲಯದ ಬಾಗಿಲಲ್ಲಿ ನಿಂತು ಕನ್ನಡದ ಹಾಡು ಕೇಳಿದ್ದೇನೆ. ಅಷ್ಟು ಎತ್ತರದ ಛಾವಣಿಯಲ್ಲಿ ಕನ್ನಡ ಸುತ್ತಿ ಸುತ್ತಿ ಇಳಿಯುವುದನ್ನು ಕೇಳಬೇಕು! 2007ರಲ್ಲಿ ಭದ್ರಾವತಿಯಲ್ಲಿ ಸೀರೋ-ಮಲಬಾರ್ ಪದ್ಧತಿಯವರ ಧರ್ಮಕ್ಷೇತ್ರವೂ ಆಯಿತು. ಅವರ ಮೂಲ ಕೇರಳದ್ದು, ಪದ್ಧತಿ ಬೇರೆ. ಅದಕ್ಕೆ ನನ್ನ ತಕರಾರಿಲ್ಲ.

ಈಗ ಆ ಇನ್ನೊಂದು ಕಾರಣ. ನಾನು ಆ ಪುಸ್ತಕವನ್ನು ಕನ್ನಡ ಅಕ್ಷರದಲ್ಲೇ ಮಾಡಿಕೊಡುತ್ತೇನೆ ಅಂದೆ. ರಾತ್ರಿ ಕೂತು ಟೈಪು ಮಾಡಿದೆ. ಮಾರನೆಯ ದಿನ ಕರಡು ನೋಡಲು ಬಂದವಳು ಅವರಲ್ಲಿ ಭದ್ರಾವತಿಯ ಹುಡುಗಿ. ಪೆನ್ನು ಇಸಿದುಕೊಂಡು ನನ್ನ ಕರಡಿನಲ್ಲಿ ಹನ್ನೊಂದು ತಪ್ಪು ತೆಗೆದಳು! 'ಜಪಸರ'ವನ್ನು ನಾನು 'ಜಪಸಾರ' ಮಾಡಿದ್ದೆ. 'ಯಾತನೆ'ಗೆ 'ಯಾಚನೆ' ಬಿದ್ದಿತ್ತು. ಮನೆಯಲ್ಲಿ ಏನು ಮಾತಾಡ್ತೀರಮ್ಮಾ ಅಂದೆ. ತಮಿಳು ಅಂದಳು. ಮುತ್ತಜ್ಜ ಕಬ್ಬಿಣದ ಕಾರ್ಖಾನೆ ಕೆಲಸಕ್ಕೆ ಬಂದವರಂತೆ. ಓದಿದ್ದು ಸರ್ಕಾರಿ ಕನ್ನಡ ಶಾಲೆ.

1923ರಲ್ಲಿ ಉತ್ಪಾದನೆ ಶುರು ಮಾಡಿದ ಆ ಕಾರ್ಖಾನೆ ಎಲ್ಲೆಲ್ಲಿಂದಲೋ ಜನರನ್ನು ಭದ್ರಾವತಿಗೆ ಕರೆತಂದಿತು. ಕಾಗದದ ಕಾರ್ಖಾನೆಯೂ ಹಾಗೇ. ಅದರ ಕಾಗದದ ಮೇಲೆ ನಾನು ಎಷ್ಟು ಕರಪತ್ರ ಹಾಕಿದ್ದೇನೋ ಲೆಕ್ಕವಿಲ್ಲ. ಅದೂ ನಿಂತುಹೋಯಿತು, ಆ ಸಂಕಟ ಬೇರೆಯದೇ. ಈ ಕುಟುಂಬಗಳ ಅಜ್ಜಿ ಮಣಿ ಎಣಿಸುತ್ತಾ ತಮಿಳಿನಲ್ಲಿ ಪಿಸುಗುಟ್ಟಿದರೆ ಕನ್ನಡಕ್ಕೆ ಏನು ನಷ್ಟ? ಮೊಮ್ಮಗಳು ನನ್ನ ಕನ್ನಡ ತಿದ್ದುತ್ತಿದ್ದಾಳೆ! ನಮ್ಮ ಗೆಳೆಯರು ಕಲ್ಲು ಹಿಡಿದುಕೊಂಡು ಆ ಅಜ್ಜಿಯ ಬಾಗಿಲಿಗೆ ಹೋಗುತ್ತಾರೆ, ಇತ್ತ ಮನೆಯಲ್ಲಿ ಅಚ್ಚಗನ್ನಡ ಮಾತಾಡುವವರ ಮಗ ಪರಲೋಕ ಮಂತ್ರವನ್ನು ಇಂಗ್ಲಿಷ್ ಅಕ್ಷರದಲ್ಲಿ ತಡವರಿಸುತ್ತಾನೆ. ಗಣಪತಿ ಹಬ್ಬದ ಕರಪತ್ರ ಹಾಕಿಸುವ ನಮ್ಮ ಹುಡುಗರೇನು ಕಡಿಮೆಯೇ? ಭಜನೆಯ ಸಾಲನ್ನೂ ಇಂಗ್ಲಿಷ್ ಅಕ್ಷರದಲ್ಲಿ ತರುತ್ತಾರೆ. ರೋಗ ಒಂದೇ.

ಶಂಕರಘಟ್ಟದ ವಿಶ್ವವಿದ್ಯಾನಿಲಯಕ್ಕೆ 1987ರಲ್ಲಿ ಕುವೆಂಪು ಹೆಸರು ಇಟ್ಟೆವು. ಅವರೂ ಮೊದಲು ಕವಿತೆ ಬರೆದದ್ದು ಇಂಗ್ಲಿಷಿನಲ್ಲೇ. ನಿನ್ನ ಭಾಷೆಯಲ್ಲಿ ಬರೆ ಅಂತ ಬುದ್ಧಿ ಹೇಳಿದವರು ಜೇಮ್ಸ್ ಕಸಿನ್ಸ್, ಐರ್ಲೆಂಡಿನ ಕವಿ! ನಮ್ಮ ಮಕ್ಕಳಿಗೆ ಅಷ್ಟು ಹೇಳಲು ಈಗಲೂ ಐರ್ಲೆಂಡಿನಿಂದಲೇ ಯಾರಾದರೂ ಬರಬೇಕೆ?

ಕ್ಯಾಂಪಸ್ಸಿನ ಗೆಳೆಯರೆ, ನೇರವಾಗಿ ಕೇಳುತ್ತೇನೆ. ಅಕ್ಷರ ಬಾರದ ಗೆಳೆಯನಿಗೆ ಇಂಗ್ಲಿಷಿನಲ್ಲಿ ಬರೆದುಕೊಡುವ ಬದಲು ದಿನಕ್ಕೆ ಅರ್ಧ ಗಂಟೆ ಕನ್ನಡ ಕಲಿಸಿ. ತಪಸ್ಸಿನ ಕಾಲ ನಲವತ್ತು ದಿನ ಇರುತ್ತದೆ, ಕಾಗುಣಿತಕ್ಕೆ ಅಷ್ಟು ಬೇಡ. ಚರ್ಚಿನ ಗುರುಗಳು ಧರ್ಮೋಪದೇಶದ ತರಗತಿಯ ಜೊತೆಗೇ ಇದನ್ನು ಮಾಡಿಸಬಹುದು. ನಮ್ಮ ಸಂಘಟನೆಯವರು ಹೋಗಿ ಪಾಠ ಹೇಳಬಹುದು, ಕರೆದರೆ. ಕರೆಯದಿದ್ದರೆ ಬಾಗಿಲಲ್ಲಿ ಗಲಾಟೆ ಬೇಡ.

ಪುಸ್ತಕ ಕನ್ನಡ ಅಕ್ಷರದಲ್ಲೇ ಅಚ್ಚಾಯಿತು, ಇನ್ನೂರಕ್ಕೆ ಇನ್ನೂರೂ. ಓದಲು ಬಾರದವರು ಪಕ್ಕದವರ ಬಾಯಿ ನೋಡಿಕೊಂಡು ಹೇಳಿದರಂತೆ. ಮುಂದಿನ ಅಕ್ಟೋಬರಿಗೆ ಜಪಸರದ ಪುಸ್ತಕ ಮಾಡಿಸುತ್ತೇವೆ ಅಂದಿದ್ದಾರೆ. ಟೈಪಿಂಗ್ ಕೂಲಿ ನಾನು ತೆಗೆದುಕೊಳ್ಳುವುದಿಲ್ಲ, ಕಾಗದದ ದುಡ್ಡು ಕೊಟ್ಟರೆ ಸಾಕು. ಕರಡು ತಿದ್ದಲು ಮಾತ್ರ ಆ ಭದ್ರಾವತಿಯ ಹುಡುಗಿಯೇ ಬರಬೇಕು.