ವಿಮಾನ ಹಾರುವ ಮೊದಲೇ ಬಡ್ಡಿ ಓಡುತ್ತದೆ

ನಮ್ಮ ಬಳಗದ ಒಬ್ಬರ ಊರಿನಿಂದ ಒಬ್ಬ ಹುಡುಗ ದುಬೈಗೆ ಹೊರಟ. ಹೊರಡುವ ಹಿಂದಿನ ದಿನ ಮನೆ ಮುಂದೆ ಶಾಮಿಯಾನ ಹಾಕಿದ್ದರು. ಗೋಧಿ ಹುಗ್ಗಿ, ಅನ್ನ, ಸಾರು. ಗೆಳೆಯರು ಬಸ್‌ಸ್ಟ್ಯಾಂಡಿನಲ್ಲಿ ಬ್ಯಾನರ್ ಕಟ್ಟಿದ್ದರು. ಅಪ್ಪ ಹೊಸ ಟವೆಲ್ ಹೊದ್ದು ಬಂದವರಿಗೆಲ್ಲ ಕೈ ಮುಗಿಯುತ್ತಿದ್ದರು.

ಆ ಊಟದ ಖರ್ಚು ಸಾಲದ್ದು. ಏಜೆಂಟನಿಗೆ ಕೊಟ್ಟ 1,20,000 ರೂಪಾಯಿಯೂ ಸಾಲದ್ದೇ. ನೂರಕ್ಕೆ ಮೂರರ ಬಡ್ಡಿ. "ಚಿಂತಿ ಮಾಡ್ಬ್ಯಾಡ್ರಿ ಯಜಮಾನ್ರ, ಆರು ತಿಂಗಳದಾಗ ಹುಡುಗ ಎಲ್ಲಾ ಸಾಲ ಹರೀತಾನ" ಎಂದು ಏಜೆಂಟ್ ಹೇಳಿದ್ದ. ಎರಡು ವರ್ಷ ಕಳೆದು ಹುಡುಗ ರಜೆಗೆ ಊರಿಗೆ ಬಂದಾಗಲೂ ಅಸಲು ಹಾಗೇ ಇತ್ತು.

ಹೇಗೆ ಎಂದು ಕೇಳುತ್ತೀರಾ? ಲೆಕ್ಕ ಹಾಕೋಣ. 1,20,000ಕ್ಕೆ ನೂರಕ್ಕೆ ಮೂರು ಎಂದರೆ ತಿಂಗಳಿಗೆ 3,600 ರೂಪಾಯಿ. ದುಡ್ಡು ಕೊಟ್ಟ ನಾಲ್ಕು ತಿಂಗಳಿಗೆ ವೀಸಾ ಬಂತು. ಹೋದ ಮೇಲೆ ಮೊದಲ ಸಂಬಳ ಕೈಗೆ ಸಿಗಲು ಎರಡು ತಿಂಗಳು ಹಿಡಿಯಿತು. ಅಷ್ಟರಲ್ಲಿ ಬಡ್ಡಿಯೇ 21,600. ಆಮೇಲೆ ಸಂಬಳ ಬಂದಂತೆ ಮನೆ ಖರ್ಚು, ತಂಗಿಯ ಕಾಲೇಜು ಫೀಸು, ಅಮ್ಮನ ಔಷಧಿ. ಸಾಲಗಾರನಿಗೆ ಬಡ್ಡಿ ಮಾತ್ರ ಹೋಗುತ್ತಿತ್ತು. 24 ತಿಂಗಳ ಬಡ್ಡಿ 86,400 ರೂಪಾಯಿ. ಅಸಲಿನಲ್ಲಿ ಒಂದು ರೂಪಾಯಿಯೂ ಇಳಿಯಲಿಲ್ಲ. ಆ ಹುಡುಗ ಮರಳುಗಾಡಿನ ಬಿಸಿಲಲ್ಲಿ ದುಡಿದದ್ದರಲ್ಲಿ ದೊಡ್ಡ ಪಾಲು ಊರಿನ ಬಡ್ಡಿ ಅಂಗಡಿಗೆ ಸೇರಿತು.

ನಮ್ಮ ಮಾತು ಇಷ್ಟೇ: ಸಾಲ ಮಾಡಿ ವಿದೇಶಕ್ಕೆ ಹೋಗುವ ಪದ್ಧತಿಯನ್ನು ನಮ್ಮ ಹಳ್ಳಿಗಳು ನಿಲ್ಲಿಸಬೇಕು. ಹೋಗಬೇಡಿ ಎಂದು ನಾವು ಹೇಳುತ್ತಿಲ್ಲ. ನಮ್ಮಲ್ಲೇ ಮೂವರ ಮನೆಯವರು ಗಲ್ಫ್‌ನಲ್ಲಿದ್ದಾರೆ. ಅವರ ದುಡಿಮೆಯಿಂದ ಮನೆಗೆ ಹಂಚು ಹೋಗಿ ಆರ್‌ಸಿಸಿ ಬಂದಿದೆ. ಆದರೆ ಹೋಗುವುದಕ್ಕೆ ಒಂದೂವರೆ ವರ್ಷ ಮೊದಲೇ ದುಡ್ಡು ಕೂಡಿಡಲು ಶುರು ಮಾಡಿ. ಏಜೆಂಟ್ ಮನೆಗೆ ಬಂದ ದಿನ ಶುರು ಮಾಡಿದರೆ ತಡವಾಯಿತು.

"ನಮ್ಮಂಥವರ ಹತ್ತಿರ ಉಳಿಸೋಕೆ ಎಲ್ಲಿದೆ ದುಡ್ಡು?" ಎಂದು ಕೇಳುತ್ತಾರೆ. ಇದು ಸುಳ್ಳು ಪ್ರಶ್ನೆಯಲ್ಲ. ಕೂಲಿ ಮನೆಯಲ್ಲಿ ತಿಂಗಳ ಕೊನೆಗೆ ಏನೂ ಉಳಿಯುವುದಿಲ್ಲ ಎಂಬುದು ನಮಗೂ ಗೊತ್ತು. ಆದರೆ ವಿಮಾನ ಹತ್ತುವ ಮೊದಲು ಆ ನಾಲ್ಕು ತಿಂಗಳು 3,600 ರೂಪಾಯಿ ಬಡ್ಡಿಯನ್ನು ಇದೇ ಮನೆ ಕಟ್ಟಿತಲ್ಲ? ಹಾಲಿನ ದುಡ್ಡು, ಕೂಲಿ ದುಡ್ಡು, ಮೇಕೆ ಮಾರಿದ ದುಡ್ಡು ಎಲ್ಲ ಸೇರಿಸಿ ಕಟ್ಟಿತು. ಬಡ್ಡಿಯವನು ಬಾಗಿಲಿಗೆ ಬರುತ್ತಾನೆ, ಮರ್ಯಾದೆ ಹೋಗುತ್ತದೆ, ಹಾಗಾಗಿ ಹೊಂದಿಸುತ್ತೇವೆ. ನಮ್ಮ ಉಳಿತಾಯಕ್ಕಾಗಿ ಯಾರೂ ಬಾಗಿಲಿಗೆ ಬರುವುದಿಲ್ಲ, ಹಾಗಾಗಿ ಬಿಡುತ್ತೇವೆ.

ಇನ್ನು ಕೆಲವರದು ಬೇರೆ ವಾದ: "ಅವಕಾಶ ಕಾಯೋದಿಲ್ಲ, ಬಂದಾಗಲೇ ಹಿಡೀಬೇಕು." ಈ ಮಾತನ್ನು ಮೊದಲು ಹೇಳಿದವನು ಯಾರು ಎಂದು ನೆನಪಿಸಿಕೊಳ್ಳಿ. ಬಹುಪಾಲು ಏಜೆಂಟನೇ. "ನಾಳೆಯೊಳಗೆ ಅಡ್ವಾನ್ಸ್ ಹಾಕಿ, ಎರಡೇ ಸೀಟು ಉಳಿದಿವೆ" ಎನ್ನುವುದು ಬಟ್ಟೆ ಅಂಗಡಿಯ ಆಷಾಢ ಸೇಲಿನ ಮಾತು. ಗಲ್ಫ್‌ನಲ್ಲಿ ಡ್ರೈವರ್, ಮೇಸ್ತ್ರಿ, ಎಲೆಕ್ಟ್ರಿಷಿಯನ್ ಕೆಲಸ ಈ ತಿಂಗಳಿಗೇ ಮುಗಿದುಹೋಗುವುದಿಲ್ಲ. ಅವಸರದಿಂದ ಲಾಭ ಏಜೆಂಟನಿಗೆ, ನಿಮಗಲ್ಲ.

ಈಗ ನಿಜವಾದ ಖರ್ಚು ಎಷ್ಟು ನೋಡೋಣ. ಇದು ಗೊತ್ತಿಲ್ಲದೇ ಇರುವುದರಿಂದಲೇ ನಾವು ಕೇಳಿದಷ್ಟು ಕೊಡುತ್ತೇವೆ.

36 ಪುಟದ ಪಾಸ್‌ಪೋರ್ಟಿಗೆ ಸರ್ಕಾರದ ಶುಲ್ಕ 1,500 ರೂಪಾಯಿ. ಹತ್ತು ವರ್ಷ ಬಾಳುತ್ತದೆ. ತತ್ಕಾಲ್‌ನಲ್ಲಿ ಮಾಡಿಸಿದರೆ ಇನ್ನೂ 2,000 ಜಾಸ್ತಿ. ಇದಕ್ಕಾಗಿ ಬೆಂಗಳೂರಿಗೆ ಅಲೆಯಬೇಕಾದ ಕಾಲ ಹೋಯಿತು. ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಸೇವೆ ಕೊಡುವ ಯೋಜನೆ ದೇಶದಲ್ಲಿ ಮೊದಲು ಶುರುವಾದ ಎರಡು ಊರುಗಳಲ್ಲಿ ನಮ್ಮ ಮೈಸೂರು ಒಂದು, 2017ರಲ್ಲಿ. ಹಾಗಾಗಿ ಪಾಸ್‌ಪೋರ್ಟ್ ಅನ್ನು ಕೆಲಸ ಸಿಕ್ಕ ಮೇಲೆ ಮಾಡಿಸುವುದಲ್ಲ, ಉಳಿತಾಯ ಶುರು ಮಾಡಿದ ದಿನವೇ ಅರ್ಜಿ ಹಾಕಿ.

ಕೇಂದ್ರ ಸರ್ಕಾರದಲ್ಲಿ ನೋಂದಣಿಯಾದ ಏಜೆಂಟ್ ನಿಮ್ಮಿಂದ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕಕ್ಕೆ ಮಿತಿ ಇದೆ: 30,000 ರೂಪಾಯಿ, ಅದರ ಮೇಲೆ ಶೇ 18 ಜಿಎಸ್‌ಟಿ. ಒಟ್ಟು 35,400. ಅದಕ್ಕೂ ರಸೀದಿ ಕೊಡಬೇಕು. ಯುಎಇಯ 2021ರ ಕಾರ್ಮಿಕ ಕಾನೂನಂತೂ ನೇಮಕಾತಿಯ ಖರ್ಚನ್ನು ಕೆಲಸಗಾರನ ಮೇಲೆ ಹಾಕಲೇಬಾರದು ಎನ್ನುತ್ತದೆ. ಹಾಗಾದರೆ ಆ ಹುಡುಗ ಕೊಟ್ಟ 1,20,000 ಯಾತಕ್ಕೆ? "ವೀಸಾ ಖರ್ಚು, ಕಂಪನಿ ಖರ್ಚು, ಮೇಲಿನವರ ಖರ್ಚು" ಎಂದನಂತೆ ಏಜೆಂಟ್. ರಸೀದಿ ಕೊಡಲಿಲ್ಲ. ಕೇಳುವ ಧೈರ್ಯ ಮನೆಯವರಿಗೂ ಬರಲಿಲ್ಲ.

ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿಗೆ ಸಾಮಾನ್ಯವಾಗಿ 'ಇಸಿಆರ್' ಎಂಬ ಗುರುತು ಇರುತ್ತದೆ. ಅಂಥವರು ಸೌದಿ, ಯುಎಇ, ಕುವೈತ್, ಕತಾರ್, ಒಮಾನ್, ಬಹ್ರೇನ್, ಮಲೇಷ್ಯಾದಂಥ ದೇಶಗಳಿಗೆ ಕೆಲಸಕ್ಕೆ ಹೋಗಲು ಸರ್ಕಾರದ ಅನುಮತಿ ಬೇಕು. ಅದು ಇ-ಮೈಗ್ರೇಟ್ ಎಂಬ ವೆಬ್‌ಸೈಟಿನ ಮೂಲಕ ಆಗುತ್ತದೆ. ಇದನ್ನು ಕಿರಿಕಿರಿ ಎಂದುಕೊಳ್ಳಬೇಡಿ. ಸಂಬಳ ಎಷ್ಟು, ಕೆಲಸ ಏನು ಎಂಬ ಕರಾರನ್ನು ಅಲ್ಲಿ ನೋಡುತ್ತಾರೆ. ಇಂಥವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ. ಎರಡು ವರ್ಷಕ್ಕೆ ಕಂತು 275 ರೂಪಾಯಿ. ಅಪಘಾತದಲ್ಲಿ ಜೀವ ಹೋದರೆ ಮನೆಯವರಿಗೆ 10 ಲಕ್ಷ. ಹತ್ತನೇ ತರಗತಿ ಪಾಸಾದವರಿಗೆ ಈ ಅನುಮತಿ ಬೇಕಿಲ್ಲ. ಹಾಗೆಂದರೆ ಅವರ ಕರಾರನ್ನು ಸರ್ಕಾರ ನೋಡುವುದಿಲ್ಲ ಎಂದೂ ಅರ್ಥ. ಓದಿಕೊಂಡವರು ತಾವೇ ಎರಡು ಸಲ ಓದಬೇಕು.

ಸಾಲ ಮಾಡಿದವನಿಗೆ ಇದನ್ನೆಲ್ಲ ನೋಡಲು ಪುರುಸೊತ್ತು ಇರುವುದಿಲ್ಲ. ಬಡ್ಡಿ ಓಡುತ್ತಿರುತ್ತದೆ. "ಸದ್ಯಕ್ಕೆ ವಿಸಿಟ್ ವೀಸಾದಲ್ಲಿ ಹೋಗು, ಅಲ್ಲಿ ಬದಲಾಯಿಸೋಣ" ಎಂದರೆ ತಲೆ ಆಡಿಸುತ್ತಾನೆ. ಹೇಳಿದ ಕೆಲಸ ಒಂದು, ಕೊಟ್ಟ ಕೆಲಸ ಇನ್ನೊಂದು ಆದರೂ ವಾಪಸ್ ಬರಲು ಆಗುವುದಿಲ್ಲ, ಊರಲ್ಲಿ ಸಾಲಗಾರ ಕಾಯುತ್ತಿದ್ದಾನೆ. ಕೂಡಿಟ್ಟ ದುಡ್ಡಿನಲ್ಲಿ ಹೋದವನಿಗೆ ಮಾತ್ರ "ಇದು ನನಗೆ ಬೇಡ" ಎನ್ನುವ ತಾಕತ್ತು ಇರುತ್ತದೆ. ಉಳಿತಾಯದಿಂದ ಸಿಗುವ ಅತಿ ದೊಡ್ಡ ಲಾಭ ಇದೇ.

ಎಷ್ಟೇ ಎಚ್ಚರದಿಂದ ಹೋದರೂ ಕಷ್ಟ ಬರಬಹುದು. 2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಕಾಳಗ ಶುರುವಾದಾಗ ನಮ್ಮ ರಾಜ್ಯದ ಹಕ್ಕಿಪಿಕ್ಕಿ ಸಮುದಾಯದವರು ಅಲ್ಲಿ ಸಿಕ್ಕಿಬಿದ್ದರು. ಗಿಡಮೂಲಿಕೆ ಔಷಧಿ ಮಾರಲು ಹೋದವರು. ಕೇಂದ್ರ ಸರ್ಕಾರ 'ಆಪರೇಷನ್ ಕಾವೇರಿ' ನಡೆಸಿ ಕರೆತಂದಿತು. ಜೀವ ಉಳಿಸಲು ವಿಮಾನ ಬರುತ್ತದೆ. ಸಾಲ ಮಾಡಿ ಹೋದವರ ಸಾಲವನ್ನು ಆ ವಿಮಾನ ತೀರಿಸುವುದಿಲ್ಲ. ಅದಕ್ಕೇ ಟಿಕೆಟ್ಟಿನ ದುಡ್ಡಿನ ಜೊತೆಗೆ ವಾಪಸ್ ಬರುವ ಟಿಕೆಟ್ಟಿನ ದುಡ್ಡನ್ನೂ, ಮನೆಗೆ ಮೂರು ತಿಂಗಳ ರೇಷನ್ ಖರ್ಚನ್ನೂ ತೆಗೆದಿಡಬೇಕು ಎಂದು ನಾವು ಒತ್ತಿ ಹೇಳುತ್ತೇವೆ.

ವಿದೇಶಕ್ಕಾಗಿ ಕೂಡಿಡುವುದು ಹಳ್ಳಿಗೆ ಹೊಸತೇನೂ ಅಲ್ಲ. ಹಜ್‌ಗೆ ಹೋಗುವ ನಮ್ಮೂರಿನ ಹಿರಿಯರನ್ನು ನೋಡಿ. ವರ್ಷಗಟ್ಟಲೆ ಕೂಡಿಡುತ್ತಾರೆ. ಹೊರಡುವ ಮೊದಲು ಯಾರ ಬಾಕಿ ಇದೆಯೋ ಹುಡುಕಿಕೊಂಡು ಹೋಗಿ ತೀರಿಸುತ್ತಾರೆ. ಮಲೇಷ್ಯಾದಲ್ಲಿ ಇದಕ್ಕಾಗಿಯೇ ಒಂದು ಸಂಸ್ಥೆ ಹುಟ್ಟಿತು. ಅಲ್ಲಿನ ರೈತರು ಹಜ್‌ಗಾಗಿ ಹೊಲ, ದನ ಮಾರಿ ಹೋಗಿ, ಬಂದ ಮೇಲೆ ಬಡವರಾಗುತ್ತಿದ್ದರು. ಇದನ್ನು ಕಂಡ ಉಂಗ್ಕು ಅಜೀಜ್ ಎಂಬ ಅರ್ಥಶಾಸ್ತ್ರಜ್ಞ 1959ರಲ್ಲಿ ಉಳಿತಾಯ ನಿಧಿಯ ಯೋಜನೆ ಮುಂದಿಟ್ಟರು. 1963ರಲ್ಲಿ ಅದು 1,281 ಜನರ ಠೇವಣಿಯಿಂದ ಕೆಲಸ ಶುರು ಮಾಡಿತು. ಇಂದು 'ತಾಬುಂಗ್ ಹಾಜಿ' ಹೆಸರಿನ ಆ ಸಂಸ್ಥೆಯಲ್ಲಿ ಲಕ್ಷಾಂತರ ಜನರ ಉಳಿತಾಯವಿದೆ.

ನಮ್ಮಲ್ಲಿ ಇಂಥದ್ದು ಯಾಕಿಲ್ಲ? ರೈತರನ್ನು ಸಾಹುಕಾರರ ಬಡ್ಡಿಯಿಂದ ಬಿಡಿಸಲು 1905ರಲ್ಲೇ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಹಕಾರಿ ಸಂಘ ಕಟ್ಟಿದ ನಾಡು ಇದು. ಇಂದು ಊರೂರಿಗೆ ಕೃಷಿ ಪತ್ತಿನ ಸಂಘ ಇದೆ, ಸ್ತ್ರೀಶಕ್ತಿ ಸಂಘ ಇದೆ. ಆದರೆ ಸಂಘ ಎಂದರೆ ಸಾಲ ಎಂದಾಗಿದೆ. ಮೈಕ್ರೋಫೈನಾನ್ಸ್ ವಸೂಲಿಯ ಕಿರುಕುಳ ತಡೆಯಲು 2025ರಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಪರಿಸ್ಥಿತಿ ಅಲ್ಲಿಗೆ ಮುಟ್ಟಿದೆ. ಹೋಗುವವನಿಗೆ ಸಾಲ ಕೊಡಲು ಹತ್ತು ಜನ ನಿಂತಿದ್ದಾರೆ, ಕೂಡಿಡಲು ಕಲಿಸುವವರು ಒಬ್ಬರೂ ಇಲ್ಲ.

ಹಾಗಾಗಿ ಸಂಘಗಳ ಆಡಳಿತ ಮಂಡಳಿಗಳಿಗೆ ನಮ್ಮ ಒತ್ತಾಯ: ವಿದೇಶಕ್ಕೆ ಹೋಗಬೇಕೆನ್ನುವವರಿಗೆ ಒಂದು ಉಳಿತಾಯ ಖಾತೆ ತೆರೆಯಿರಿ. ತಿಂಗಳಿಗೆ ಕಟ್ಟುವವರು ತಿಂಗಳಿಗೆ ಕಟ್ಟಲಿ, ಸುಗ್ಗಿಗೆ ಕಟ್ಟುವವರು ಸುಗ್ಗಿಗೆ ಕಟ್ಟಲಿ. ಗ್ರಾಮ ಪಂಚಾಯ್ತಿಗೆ ನಮ್ಮ ಒತ್ತಾಯ: ಏಜೆಂಟರ ಶುಲ್ಕದ ಮಿತಿ 30,000 ಎಂದು ಕಚೇರಿ ಗೋಡೆಯ ಮೇಲೆ ದೊಡ್ಡದಾಗಿ ಬರೆಸಿ. ಆ ಒಂದು ಸಾಲಿಗೆ ಒಂದು ಡಬ್ಬಿ ಬಣ್ಣ ಸಾಕು.

ಅವರು ಮಾಡುವವರೆಗೆ ಕಾಯಬೇಡಿ. 18 ತಿಂಗಳು, ತಿಂಗಳಿಗೆ 3,300 ರೂಪಾಯಿ ಇಟ್ಟರೆ 59,400 ಆಗುತ್ತದೆ. ಏಜೆಂಟನ ಶುಲ್ಕ, ಪಾಸ್‌ಪೋರ್ಟ್, ವಿಮೆ ಕಳೆದು 22,000ಕ್ಕೂ ಹೆಚ್ಚು ಕೈಯಲ್ಲಿ ಉಳಿಯುತ್ತದೆ. ಅಂಚೆ ಕಚೇರಿಯ ಆರ್‌ಡಿ ಐದು ವರ್ಷದ್ದು, ಈ ಕೆಲಸಕ್ಕೆ ಉದ್ದವಾಯಿತು. ಬ್ಯಾಂಕಿನಲ್ಲಿ ನಮಗೆ ಬೇಕಾದ ಅವಧಿಯ ಆರ್‌ಡಿ ಸಿಗುತ್ತದೆ. ತಿಂಗಳ ಆದಾಯ ಇಲ್ಲದವರು ಬೇರೆಯೇ ಒಂದು ಖಾತೆ ತೆರೆದು, ಅದನ್ನು ಫೋನ್‌ಪೇ, ಗೂಗಲ್‌ಪೇಗೆ ಜೋಡಿಸದೇ ಇಟ್ಟುಕೊಳ್ಳಿ. ಪಾಸ್‌ಬುಕ್ ಅಮ್ಮನ ಹತ್ತಿರ ಇರಲಿ. ಮೆಕ್ಕೆಜೋಳ ಮಾರಿದ ದಿನ, ಹತ್ತಿ ಮಾರಿದ ದಿನ, ಬೇರೆ ಖರ್ಚು ನೆನಪಾಗುವ ಮೊದಲು ಅದಕ್ಕೆ ಹಾಕಿ.

ಏಜೆಂಟ್ ಬಂದರೆ ನೋಂದಣಿ ಸಂಖ್ಯೆ ಕೇಳಿ, ಇ-ಮೈಗ್ರೇಟ್‌ನಲ್ಲಿ ಅದು ಇದೆಯೋ ನೋಡಿ. ಮೊಬೈಲ್ ನಿಮ್ಮ ಕೈಯಲ್ಲೇ ಇದೆಯಲ್ಲ. ಕೊಟ್ಟ ಪ್ರತಿ ರೂಪಾಯಿಗೂ ರಸೀದಿ ಕೇಳಿ. ಕೊಡುವುದಿಲ್ಲ ಎಂದರೆ ಚಹಾ ಕುಡಿಸಿ ಕಳಿಸಿ.

ಆ ಹುಡುಗನ ತಮ್ಮ ಈಗ ಐಟಿಐ ಮಾಡುತ್ತಿದ್ದಾನೆ. ಅವನಿಗೂ ದುಬೈಗೆ ಹೋಗುವ ಆಸೆ ಇದೆ. ಅವರಪ್ಪ ಈ ಸಲ ಹಸುವಿನ ಹಾಲಿನ ದುಡ್ಡನ್ನು ಬೇರೆ ಖಾತೆಗೆ ಹಾಕಿಸುತ್ತಿದ್ದಾರೆ. ಶಾಮಿಯಾನ ಹಾಕುತ್ತೀರಾ ಎಂದು ಕೇಳಿದೆವು. "ಹೋಗುವಾಗ ಬ್ಯಾಡ್ರಿ" ಎಂದರು. "ಸಾಲ ಇಲ್ದ ವಾಪಸ್ ಬಂದಾಗ ಹಾಕೂಣು."